ನಿಮಗಿದು ಗೊತ್ತೇ? ಸೂಜಿ, ದಾರ, ರಟ್ಟಿನೊಂದಿಗೆ ಬೆಟ್ಟ ದಾಟಿದವರು

18ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಪೂರ್ವ ಕರಾವಳಿಯ ಜನ ಅಲೆಘೆನಿ ಬೆಟ್ಟಸಾಲು ದಾಟಿ ಪಶ್ಚಿಮದ ಕಡೆ ಸಾಲುಗಟ್ಟಿ ಹೊರಟಿದ್ದರು. ಅದು ಚೆರೋಕಿ, ಶಾನಿ ಮೊದಲಾದ ಮೂಲನಿವಾಸಿಗಳು ತಲೆತಲಾಂತರದಿಂದ ಬಾಳಿದ ನೆಲ. ಕೊಡಲಿ, ಕೋವಿ, ಬಿತ್ತನೆ ಬೀಜ ಹೊತ್ತು ಬಂದ ವಲಸಿಗರ ಬೆನ್ನಿಗೇ ಅಚ್ಚುಮೊಳೆಯ ಪೆಟ್ಟಿಗೆ, ಹೊಲಿಗೆಯ ಚೌಕಟ್ಟು, ಅಂಟಿನ ಪಾತ್ರೆ ಹೊತ್ತವರೂ ಬಂದರು. ಆ ಗಡಿಸೀಮೆಯಲ್ಲಿ ಒಂದು ಪುಸ್ತಕ ಓದುಗನ ಕೈಗೆ ಸಿಗಬೇಕಾದರೆ ಅದನ್ನು ಹೊಲಿಯುವ, ಹೊರುವ, ಮಾರುವ ಕೈಗಳು ಬೇಕಿದ್ದವು. ಮುಖಪುಟದಲ್ಲಿ ಹೆಸರಿಲ್ಲದ ಆ ಕೈಗಳ ಕಸುಬಿನ ಸುತ್ತ ಇಲ್ಲೊಂದಿಷ್ಟು ಸಂಗತಿಗಳಿವೆ.

ಬೆಟ್ಟ ದಾಟುವ ಮೊದಲು

● ಅಮೆರಿಕ ಖಂಡದಲ್ಲಿ ಅಚ್ಚಾದ ಮೊತ್ತಮೊದಲ ಬೈಬಲ್ ಇಂಗ್ಲಿಷಿನದಲ್ಲ. 1663ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಮುದ್ರಣವಾದ ಅದು ಅಲ್ಲಿನ ಮೂಲನಿವಾಸಿಗಳ ಭಾಷೆಯದು. ಅನುವಾದಕ ಪಾದ್ರಿ ಜಾನ್ ಎಲಿಯಟ್. ಆ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರಲ್ಲಿ ನಿಪ್ಮಕ್ ಬುಡಕಟ್ಟಿನ ವೊವಾಸ್ ಎಂಬಾತನೂ ಇದ್ದ. ಕಸುಬೇ ಅವನ ಹೆಸರಾಗಿ ಅಂಟಿಕೊಂಡಿತು. ಚರಿತ್ರೆಯಲ್ಲಿ ಅವನು ಜೇಮ್ಸ್ ಪ್ರಿಂಟರ್.

● ಆ ಬೈಬಲ್ಲನ್ನು ಬೈಂಡ್ ಮಾಡಲೆಂದೇ ಇಂಗ್ಲೆಂಡಿನಿಂದ ಬಾಸ್ಟನ್ನಿಗೆ ಬಂದವನು ಜಾನ್ ರ್‍ಯಾಟ್‌ಕ್ಲಿಫ್. ಅಲ್ಲಿನ ಮೊದಮೊದಲ ಬೈಂಡರುಗಳಲ್ಲಿ ಅವನೊಬ್ಬ. ಕೂಲಿ ಸಾಲದೆಂದು 1664ರಲ್ಲಿ ಅವನು ಅರ್ಜಿ ಕೊಟ್ಟ. ದಿನವಿಡೀ ದುಡಿದರೆ ಮುಗಿಯುವುದು ಒಂದೇ ಪ್ರತಿ, ಇಂಗ್ಲೆಂಡಿನಲ್ಲಿ 4 ಷಿಲಿಂಗಿಗೆ ಸಿಗುವ ಸಾಮಗ್ರಿಗೆ ಇಲ್ಲಿ 18 ಷಿಲಿಂಗ್ ತೆರಬೇಕು ಎಂಬುದು ಅವನ ಅಳಲು. ದಾರ, ಅಂಟು, ರಟ್ಟು ಎಲ್ಲವೂ ಅವನ ಖರ್ಚಿನಲ್ಲೇ ಬರಬೇಕಿತ್ತು. ದೂರದ ನಾಡಿನ ಬೈಂಡರನ ಈ ಸಂಕಟ ಮುಂದಿನ ನೂರೈವತ್ತು ವರ್ಷ ಹೆಚ್ಚುಕಡಿಮೆ ಹೀಗೆಯೇ ಉಳಿಯಿತು.

● ಬ್ರಿಟಿಷ್ ವಸಾಹತುಗಳ ಕಾಲದ ಅಮೆರಿಕದಲ್ಲಿ ಅಚ್ಚಾದ ಅತಿ ದೊಡ್ಡ ಪುಸ್ತಕ ನಗರದಲ್ಲಿ ಹುಟ್ಟಿದ್ದಲ್ಲ. ಪೆನ್ಸಿಲ್ವೇನಿಯಾದ ಒಳನಾಡಿನಲ್ಲಿ ಎಫ್ರಾಟಾ ಎಂಬ ಜರ್ಮನ್ ಭಾಷಿಕರ ಆಶ್ರಮವಿತ್ತು. ಅದು 1748ರಲ್ಲಿ ಹುತಾತ್ಮರ ಕಥೆಗಳ ಜರ್ಮನ್ ಗ್ರಂಥವೊಂದನ್ನು ಹೊರತಂದಿತು. ಸುಮಾರು 1,500 ಪುಟಗಳ ಆ ಗ್ರಂಥಕ್ಕಾಗಿ 15 ಮಂದಿ 3 ವರ್ಷ ದುಡಿದರು. ಕಾಗದ ತಯಾರಿಕೆ, ಮುದ್ರಣ, ಬೈಂಡಿಂಗ್ ಎಲ್ಲವೂ ಆಶ್ರಮದ್ದೇ. ಮರದ ಹಲಗೆ, ಅದರ ಮೇಲೆ ಚರ್ಮ, ಮುಚ್ಚಿಡಲು ಹಿತ್ತಾಳೆಯ ಕೊಂಡಿ: ಆ ಭಾರಿ ಗ್ರಂಥಕ್ಕೆ ಹಾಕಿದ ಕಟ್ಟು ಅಂಥದು.

● ಹೊಲಿಯದೆ ಉಳಿದ ಹಾಳೆಗಳು ಯುದ್ಧಕ್ಕೂ ಹೋದವು! ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಮದ್ದಿನ ತೋಟಾ ಸುತ್ತಲು ಕಾಗದ ಸಾಲದಾಯಿತು. ಎಫ್ರಾಟಾದಲ್ಲಿ ಮಾರಾಟವಾಗದೆ ಉಳಿದಿದ್ದ ಗ್ರಂಥದ ಹಾಳೆಗಳನ್ನು ಸೈನಿಕರು ಹೊತ್ತೊಯ್ದರು. ಜರ್ಮನ್‌ಟೌನಿನ ಕ್ರಿಸ್ಟೋಫರ್ ಸೌರ್ ಮನೆತನ 1776ರಲ್ಲಿ ಅಚ್ಚು ಹಾಕಿದ ಜರ್ಮನ್ ಬೈಬಲ್ಲಿನ ಹಾಳೆಗಳಿಗೂ ಅದೇ ಗತಿಯಾಯಿತು. ಆ ಮುದ್ರಣಕ್ಕೆ ‘ಕೋವಿ ಬೈಬಲ್’ ಎಂಬ ಹೆಸರು ಬಂದದ್ದು ಹೀಗೆ.

ಬೈಂಡರನ ಮೇಜಿನ ಮೇಲೆ

● ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಹೋಗುತ್ತಿದ್ದ ಪುಸ್ತಕಗಳಲ್ಲಿ ಅನೇಕವಕ್ಕೆ ರಟ್ಟೇ ಇರುತ್ತಿರಲಿಲ್ಲ. ಅಚ್ಚಾದ ಹಾಳೆಗಳನ್ನು ಹಾಗೆಯೇ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಿದ್ದರು. ರಟ್ಟು, ಚರ್ಮದ ತೂಕ ಉಳಿದರೆ ಗಾಡಿ ಬಾಡಿಗೆಯೂ ಉಳಿಯಿತು. ಮಡಿಸಿ, ಹೊಲಿದು, ರಟ್ಟು ಕಟ್ಟುವ ಕೆಲಸ ಅಲ್ಲಿನ ಬೈಂಡರನದು. ಗಿರಾಕಿಯ ಕೈಯಲ್ಲಿ ಕಾಸಿದ್ದರೆ ಕರುವಿನ ಚರ್ಮ, ಇಲ್ಲದಿದ್ದರೆ ಕುರಿಯ ಚರ್ಮ, ಅದಕ್ಕೂ ಗತಿಯಿಲ್ಲದಿದ್ದರೆ ಬರೀ ಕಾಗದದ ಹೊದಿಕೆ. ಒಂದೇ ಮುದ್ರಣದ ಎರಡು ಪ್ರತಿಗಳು ಎರಡು ಬಗೆಯ ಉಡುಪಿನಲ್ಲಿ ಸಿಗುವುದು ಇದರಿಂದಲೇ.

● ಫಿಲಡೆಲ್ಫಿಯಾದಿಂದ ಪಿಟ್ಸ್‌ಬರ್ಗಿಗೆ ಸುಮಾರು 300 ಮೈಲಿ. ಬೆಟ್ಟಗಳ ಮೇಲೆ ಹಾಯುವ ಆ ದಾರಿಯಲ್ಲಿ ಆರು ಕುದುರೆ ಎಳೆಯುವ ಕಾನೆಸ್ಟೋಗಾ ಗಾಡಿಗೆ ಮೂರು ವಾರದಷ್ಟು ಹೊತ್ತು ಹಿಡಿಯುತ್ತಿತ್ತು. ಅಲ್ಲಿಂದ ಮುಂದೆ ಒಹಾಯೊ ನದಿಯ ಹರಿವಿನೊಂದಿಗೆ ಚಪ್ಪಟೆ ತಳದ ದೋಣಿಯಲ್ಲಿ ಪಯಣ. ಹರಿವಿಗೆ ಎದುರಾಗಿ ಮರಳಲಾಗದ ಆ ದೋಣಿಗಳನ್ನು ಸೇರಿದ ಊರಿನಲ್ಲೇ ಒಡೆದು ಹಲಗೆಯಾಗಿ ಮಾರುತ್ತಿದ್ದರು.

● ಆಗಿನ ಅಮೆರಿಕದ ಅನೇಕ ಅಗ್ಗದ ಪುಸ್ತಕಗಳ ‘ರಟ್ಟು’ ರಟ್ಟೇ ಆಗಿರಲಿಲ್ಲ, ಮರವಾಗಿತ್ತು! ಒಳ್ಳೆಯ ರಟ್ಟು ದುಬಾರಿ, ಕಾಡಿನ ಮರ ಹೇರಳ. ಓಕ್, ಬರ್ಚ್‌ನಂಥ ಮರಗಳನ್ನು ತೆಳ್ಳಗೆ ಸೀಳಿ, ಮೇಲೆ ಕಾಗದವನ್ನೋ ಕುರಿಯ ಚರ್ಮವನ್ನೋ ಅಂಟಿಸುತ್ತಿದ್ದರು. ಮಕ್ಕಳ ಪಠ್ಯಪುಸ್ತಕಗಳಿಗೆ ಇದೇ ರೂಢಿ. ಮರದ ಎಳೆಯ ಗುಂಟ ಹಲಗೆ ಸೀಳಿಕೊಳ್ಳುವುದೇ ಅದರ ದೋಷ. ಹರಿದ ಮೂಲೆಯಿಂದ ಮರ ಇಣುಕುವ ಅಂಥ ಪ್ರತಿಗಳು ಇಂದಿಗೂ ಗ್ರಂಥಾಲಯಗಳಲ್ಲಿವೆ.

● ಬೈಂಡರನ ಅಂಗಡಿಯಲ್ಲಿ ಮೊದಲು ಕೇಳಿಸುತ್ತಿದ್ದುದು ಸುತ್ತಿಗೆಯ ಸದ್ದು. ಕೈಯಿಂದ ತಯಾರಿಸಿದ ಕಾಗದ ಉಬ್ಬುತಗ್ಗು. ಮಡಿಸಿದ ಹಾಳೆಗಳನ್ನು ಕಲ್ಲಿನ ಮೇಲಿಟ್ಟು ಭಾರದ ಸುತ್ತಿಗೆಯಿಂದ ಬಡಿದು ಬಡಿದು ಸಮ ಮಾಡಿದ ಮೇಲೆಯೇ ಹೊಲಿಗೆ. ಬಳಿಕ ಇಕ್ಕಳದಲ್ಲಿ ಬಿಗಿದು ಅಂಚು ಕತ್ತರಿಸುವುದು, ಬೆನ್ನಿಗೆ ಅಂಟು ಹಚ್ಚುವುದು, ಚರ್ಮ ಹೊದಿಸುವುದು. ಹಾಳೆ ಅಂಟಿಸಲು ಹಿಟ್ಟಿನ ಗಂಜಿ, ಬೆನ್ನಿಗೆ ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟು. ಹೆಸರು ಒತ್ತಲು ಮೊಟ್ಟೆಯ ಬಿಳಿಭಾಗ ಸವರಿ, ಮೇಲೆ ಚಿನ್ನದ ರೇಕು ಇಟ್ಟು, ಕಾದ ಹಿತ್ತಾಳೆಯ ಅಚ್ಚಿನಿಂದ ಒತ್ತಬೇಕಿತ್ತು.

● ಪುಸ್ತಕ ಹೊಲಿಯುವ ಕೆಲಸ ಬಹುಪಾಲು ಹೆಂಗಸರದು. 1796ರಲ್ಲಿ ಸಿನ್ಸಿನಾಟಿಯ ವಿಲಿಯಂ ಮ್ಯಾಕ್ಸ್‌ವೆಲ್ ಒಹಾಯೊ ನದಿಯ ವಾಯವ್ಯ ಪ್ರಾಂತ್ಯದ ಕಾನೂನುಗಳನ್ನು ಅಚ್ಚು ಹಾಕಿದ. ಆ ಪ್ರಾಂತ್ಯದಲ್ಲಿ ಮುದ್ರಣವಾದ ಮೊದಲ ಪುಸ್ತಕ ಅದೇ, ‘ಮ್ಯಾಕ್ಸ್‌ವೆಲ್ ಸಂಹಿತೆ’ ಎಂದೇ ಅದು ಹೆಸರಾಯಿತು. ಅದರ ಹಾಳೆಗಳನ್ನು ಕೈಯಾರೆ ಹೊಲಿದು ಪುಸ್ತಕ ಮಾಡುವುದರಲ್ಲಿ ಅವನ ಮಡದಿ ನ್ಯಾನ್ಸಿಯ ಪಾಲಿತ್ತು ಎಂಬ ಮಾತು ಒಹಾಯೊದಲ್ಲಿ ಬಳಕೆಯಲ್ಲಿದೆ. ಪುಸ್ತಕದ ಹೆಸರಿನಲ್ಲಿ ಗಂಡ ಉಳಿದ. ಹೊಲಿಗೆಯಲ್ಲಿ ಹೆಂಡತಿ ಇದ್ದಾಳೆ ಎಂಬುದನ್ನು ನಾವು ನೆನೆಯಬೇಕು.

● ಫಿಲಡೆಲ್ಫಿಯಾದ ಜೇನ್ ಏಟ್ಕಿನ್ ತಂದೆಯಿಂದ ಮುದ್ರಣ, ಬೈಂಡಿಂಗ್ ಎರಡನ್ನೂ ಕಲಿತವಳು. ತಂದೆ ರಾಬರ್ಟ್ ಏಟ್ಕಿನ್ 1782ರಲ್ಲಿ ಸ್ವತಂತ್ರ ಅಮೆರಿಕದ ಮೊದಲ ಇಂಗ್ಲಿಷ್ ಬೈಬಲ್ ಅಚ್ಚು ಹಾಕಿದ್ದ. ಅವನ ಮರಣದ ನಂತರ ಸಾಲದ ಹೊರೆಯೊಂದಿಗೆ ಅಂಗಡಿ ಮಗಳ ಪಾಲಿಗೆ ಬಂತು. 1808ರಲ್ಲಿ ಅವಳು ನಾಲ್ಕು ಸಂಪುಟಗಳ ಬೈಬಲ್ ಹೊರತಂದಳು. ಅಮೆರಿಕದಲ್ಲಿ ಬೈಬಲ್ ಮುದ್ರಿಸಿದ ಮೊದಲ ಮಹಿಳೆ ಅವಳು.

● ಗಡಿಸೀಮೆಯ ಬೈಂಡರನಿಗೆ ಅನ್ನ ಕೊಟ್ಟದ್ದು ಕಾವ್ಯವೂ ಅಲ್ಲ, ಕಾದಂಬರಿಯೂ ಅಲ್ಲ: ಖಾಲಿ ಪುಸ್ತಕಗಳು! ಅಂಗಡಿಯ ಲೆಕ್ಕ, ಕಚೇರಿಯ ಭೂದಾಖಲೆ, ನ್ಯಾಯಾಲಯದ ರಿಜಿಸ್ಟರು, ಚರ್ಚಿನ ಜನನ ಮರಣದ ಪಟ್ಟಿ ಎಲ್ಲಕ್ಕೂ ಗೆರೆ ಎಳೆದ ಗಟ್ಟಿ ಪುಸ್ತಕ ಬೇಕು. ಹೊಸ ಊರು ಕಟ್ಟಿದಲ್ಲೆಲ್ಲ ಅವಕ್ಕೆ ಬೇಡಿಕೆ. ಹರಿದ ಬೈಬಲ್ಲಿಗೆ ಮತ್ತೆ ರಟ್ಟು ಕಟ್ಟುವುದು ಎರಡನೆಯ ಆದಾಯ.

● ಹಳೆಯ ಬಟ್ಟೆ ಕೊಟ್ಟು ಪುಸ್ತಕ ಕೊಳ್ಳಬಹುದಿತ್ತು. ಆಗ ಕಾಗದ ಆಗುತ್ತಿದ್ದುದು ನಾರುಬಟ್ಟೆ, ಹತ್ತಿಬಟ್ಟೆಯ ಚಿಂದಿಯಿಂದ. ಚಿಂದಿ ಎಸೆಯಬೇಡಿ, ತಂದು ಕೊಡಿ ಎಂದು ಗೃಹಿಣಿಯರನ್ನು ಕೋರುವ ಜಾಹೀರಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಅಲೆಘೆನಿಯ ಪಶ್ಚಿಮದ ಮೊದಲ ಕಾಗದದ ಕಾರ್ಖಾನೆ 1793ರಲ್ಲಿ ಕೆಂಟಕಿಯ ಜಾರ್ಜ್‌ಟೌನಿನಲ್ಲಿ ಶುರುವಾಯಿತು. ಅಲ್ಲಿಯವರೆಗೆ ಪ್ರತಿ ಹಾಳೆಯೂ ಬೆಟ್ಟ ಹತ್ತಿ ಇಳಿದೇ ಬರಬೇಕಿತ್ತು.

● 1830ರ ದಶಕದಲ್ಲಿ ಬಟ್ಟೆ ಹೊದಿಸಿದ ಸಿದ್ಧ ರಟ್ಟು ಬಳಕೆಗೆ ಬಂತು. ರಟ್ಟನ್ನು ಬೇರೆಯಾಗಿ ಸಾವಿರಗಟ್ಟಲೆ ತಯಾರಿಸಿ, ಹೊಲಿದ ಹಾಳೆಗಳನ್ನು ಅದರೊಳಗೆ ಕೂರಿಸಿದರಾಯಿತು. ಪುಸ್ತಕದ ಬೆಲೆ ಇಳಿಯಿತು. ಒಂದೊಂದನ್ನೂ ಬೇರೆ ಬೇರೆಯಾಗಿ ಕಟ್ಟುತ್ತಿದ್ದ ಸಣ್ಣ ಊರಿನ ಬೈಂಡರನ ಕೈಯಲ್ಲಿದ್ದ ಕೆಲಸವೂ ಇಳಿಯಿತು.

ಅಚ್ಚುಮೊಳೆ ಹೊತ್ತ ಕುದುರೆಗಳು

● ಅಲೆಘೆನಿಯ ಆಚೆಗಿನ ಮೊದಲ ಪತ್ರಿಕೆ ‘ಪಿಟ್ಸ್‌ಬರ್ಗ್ ಗೆಜೆಟ್’. ಮೊದಲ ಸಂಚಿಕೆ 1786ರ ಜುಲೈ 29ರಂದು. ಜಾನ್ ಸ್ಕಲ್ ಮತ್ತು ಜೋಸೆಫ್ ಹಾಲ್ ಮುದ್ರಣಯಂತ್ರವನ್ನು ಗಾಡಿಯಲ್ಲಿ ಬೆಟ್ಟ ದಾಟಿಸಿ ತಂದಿದ್ದರು. ಕಾಗದದ ಸರಬರಾಜು ನಿಂತುಹೋದಾಗ ಸ್ಕಲ್ ಅಲ್ಲಿನ ಕೋಟೆಯ ಸೈನ್ಯದಿಂದ ತೋಟಾ ಸುತ್ತುವ ಕಾಗದ ಕಡ ತಂದು ಪತ್ರಿಕೆ ಅಚ್ಚು ಹಾಕಿದ್ದುಂಟು. ಹಿಂದೆ ಪುಸ್ತಕದ ಹಾಳೆ ತೋಟಾ ಆಗಿತ್ತು, ಈಗ ತೋಟಾದ ಹಾಳೆ ಪತ್ರಿಕೆಯಾಯಿತು.

● ಅಲೆಘೆನಿಯ ಪಶ್ಚಿಮದಲ್ಲಿ ಅಚ್ಚಾದ ಮೊದಲ ಸಾಹಿತ್ಯ ಕೃತಿ ಎಂಬ ಹೆಸರಿರುವುದು ಹ್ಯೂ ಹೆನ್ರಿ ಬ್ರಾಕನ್‌ರಿಜ್ ಬರೆದ ‘ಮಾಡರ್ನ್ ಶಿವಲ್ರಿ’ ಕಾದಂಬರಿಯ ಮೂರನೆಯ ಸಂಪುಟಕ್ಕೆ. 1793ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಅದನ್ನು ಮುದ್ರಿಸಿದವನೂ ಸ್ಕಲ್. ಅವನನ್ನು ಆ ಊರಿಗೆ ಕರೆತರಲು ಶ್ರಮಿಸಿದ್ದವನು ಇದೇ ಬ್ರಾಕನ್‌ರಿಜ್.

● ಕೆಂಟಕಿಯ ಮೊದಲ ಮುದ್ರಕ ಜಾನ್ ಬ್ರಾಡ್‌ಫರ್ಡ್‌ಗೆ ಮುದ್ರಣವೇ ಗೊತ್ತಿರಲಿಲ್ಲ! ತಮ್ಮ ಫೀಲ್ಡಿಂಗ್‌ನನ್ನು ಪಿಟ್ಸ್‌ಬರ್ಗಿಗೆ ಕಳಿಸಿ ಕಸುಬು ಕಲಿಸಿದ. ಯಂತ್ರ, ಮೊಳೆಗಳು ನದಿಯಲ್ಲಿ ಬಂದು, ಕೊನೆಯ ಹಂತದಲ್ಲಿ ಕುದುರೆಗಳ ಬೆನ್ನೇರಿ ಲೆಕ್ಸಿಂಗ್ಟನ್ ಸೇರಿದವು. ಕುಲುಕಾಟಕ್ಕೆ ಜೋಡಿಸಿದ್ದ ಮೊಳೆಗಳು ಕಲಸಿಹೋದವು. 1787ರ ಆಗಸ್ಟ್ 11ರಂದು ಹೊರಬಂದ ತನ್ನ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅವನು ಓದುಗರಿಗೆ ಇದನ್ನು ತಿಳಿಸಿ ಕ್ಷಮೆ ಕೋರಿದ. ದೊಡ್ಡ ಅಕ್ಷರಗಳು ಸಾಲದಾದಾಗ ಡಾಗ್‌ವುಡ್ ಮರದಲ್ಲಿ ಕೆತ್ತಿಕೊಂಡ.

● ಮಿಸಿಸಿಪ್ಪಿ ನದಿಯ ಪಶ್ಚಿಮದ ಮೊದಲ ಪತ್ರಿಕೆ 1808ರ ಜುಲೈ 12ರಂದು ಸೇಂಟ್ ಲೂಯಿಸ್‌ನಲ್ಲಿ ಹೊರಬಂತು. ಜೋಸೆಫ್ ಚಾರ್ಲೆಸ್ ಎಂಬ ಐರಿಷ್ ಮೂಲದ ಮುದ್ರಕನ ‘ಮಿಸ್ಸೂರಿ ಗೆಜೆಟ್’ ಅದು. ಚಂದಾ ನಗದಾದರೆ 3 ಡಾಲರ್, ಹೊಲದ ಉತ್ಪನ್ನವಾದರೆ 4 ಡಾಲರಿನ ಬೆಲೆಯಷ್ಟು. ನಾಣ್ಯ ಅಪರೂಪವಾಗಿದ್ದ ನಾಡಿನಲ್ಲಿ ಮುದ್ರಕರು, ಪುಸ್ತಕ ವ್ಯಾಪಾರಿಗಳು ಹಿಟ್ಟು, ಮಾಂಸ, ಜೇನುಮೇಣವನ್ನೂ ಹಣವೆಂದೇ ಎಣಿಸಬೇಕಿತ್ತು.

● ಡೆಟ್ರಾಯಿಟ್‌ಗೆ ಮುದ್ರಣಯಂತ್ರ ತರಿಸಿದವರು ಫ್ರೆಂಚ್ ಪಾದ್ರಿ ಗೇಬ್ರಿಯಲ್ ರಿಷಾರ್. 1809ರ ಆಗಸ್ಟ್ 1ರಂದು ಆ ಯಂತ್ರದಿಂದ ಹೊರಬಂದದ್ದು ಮಕ್ಕಳ ಕಾಗುಣಿತದ ಪುಸ್ತಕ. ಪತ್ರಿಕೆ ಬಂದದ್ದು ಅದೇ ತಿಂಗಳ ಕೊನೆಗೆ. ಹೊಸ ಊರಿನಲ್ಲಿ ಸುದ್ದಿಗಿಂತ ಮೊದಲು ಮಕ್ಕಳ ಓದು ಎಂದುಕೊಂಡ ಈ ಪಾದ್ರಿ ಮುಂದೆ ಮಿಷಿಗನ್ ಪ್ರಾಂತ್ಯದ ಪ್ರತಿನಿಧಿಯಾಗಿ ಅಮೆರಿಕದ ಕಾಂಗ್ರೆಸ್ಸಿಗೂ ಆಯ್ಕೆಯಾದರು.

ನದಿಗೆ ದಾರಿ ತೋರಿಸಿದ ಬೈಂಡರ್

● ಗಡಿಸೀಮೆಯ ಪುಸ್ತಕೋದ್ಯಮದ ದೊಡ್ಡ ಹೆಸರು ಜೇಡಾಕ್ ಕ್ರೇಮರ್. ಕಸುಬಿನಿಂದ ಬೈಂಡರ್. 1800ರಲ್ಲಿ ಪಿಟ್ಸ್‌ಬರ್ಗಿನಲ್ಲಿ ನೆಲೆಯೂರಿ ಬೈಂಡಿಂಗ್ ಜೊತೆಗೆ ಪುಸ್ತಕದಂಗಡಿ, ಪ್ರಕಾಶನ, ಪುಸ್ತಕ ಎರವಲು ಕೊಡುವ ಗ್ರಂಥಾಲಯ ನಡೆಸಿದ. ಅಂಗಡಿಯ ಗುರುತು ಬೆಂಜಮಿನ್ ಫ್ರಾಂಕ್ಲಿನ್‌ರ ತಲೆಯ ಚಿತ್ರ.

● ಕ್ರೇಮರನ ಅಂಗಡಿ ಇದ್ದದ್ದು ವಲಸಿಗರು ದೋಣಿ ಹತ್ತುವ ಊರಿನಲ್ಲಿ. ಅವರು ಕೇಳುತ್ತಿದ್ದುದು ಒಂದೇ: ಮುಂದೆ ನದಿ ಹೇಗಿದೆ? ಸುಳಿ ಎಲ್ಲಿ, ಮರಳದಿಬ್ಬ ಎಲ್ಲಿ, ಯಾವ ದ್ವೀಪವನ್ನು ಎಡಕ್ಕೆ ಬಿಟ್ಟು ಹೋಗಬೇಕು? ದೋಣಿಯವರಿಂದ ವಿವರ ಕಲೆಹಾಕಿ 1801ರಲ್ಲಿ ಅವನು ಹೊರತಂದ ಮಾರ್ಗದರ್ಶಿಯೇ ‘ದಿ ನ್ಯಾವಿಗೇಟರ್’. ಆವೃತ್ತಿಯಿಂದ ಆವೃತ್ತಿಗೆ ತಿದ್ದಿ ಬೆಳೆಸಿದ ಈ ಪುಸ್ತಕ 1824ರಲ್ಲಿ 12ನೇ ಆವೃತ್ತಿ ಕಂಡಿತು. ಎಷ್ಟೋ ವಲಸಿಗ ಕುಟುಂಬಗಳು ನೆಚ್ಚಿದ ಪುಸ್ತಕವಿದು.

● ಮಿಸಿಸಿಪ್ಪಿ ನದಿಯ ದ್ವೀಪಗಳಿಗೆ ಕ್ರಮಸಂಖ್ಯೆ ಕೊಟ್ಟು ಗುರುತಿಸುವ ಪದ್ಧತಿಯನ್ನು ಬೆಳೆಸಿದ್ದೂ ಕ್ರೇಮರನ ಪುಸ್ತಕವೇ. ಅಮೆರಿಕದ ಅಂತರ್ಯುದ್ಧದಲ್ಲಿ 1862ರಲ್ಲಿ ದೊಡ್ಡ ಕದನವೊಂದು ನಡೆದ ಸ್ಥಳದ ಹೆಸರು ‘ಐಲ್ಯಾಂಡ್ ನಂಬರ್ ಟೆನ್’. ಒಹಾಯೊ ನದಿ ಬಂದು ಸೇರುವಲ್ಲಿಂದ ಕೆಳಗೆ ಎಣಿಸಿದರೆ ಹತ್ತನೆಯ ದ್ವೀಪ ಅದು. ಪುಸ್ತಕ ಮಾರುವವನ ಎಣಿಕೆ ಸೇನಾಪತಿಗಳ ನಕ್ಷೆ ಸೇರಿತು.

● ಲೂಯಿಸ್ ಮತ್ತು ಕ್ಲಾರ್ಕ್‌ರ ಪ್ರಸಿದ್ಧ ಪೆಸಿಫಿಕ್ ಯಾತ್ರೆಯ ಮೊದಲ ಪ್ರಕಟಿತ ದಿನಚರಿ ನಾಯಕರಿಬ್ಬರದೂ ಅಲ್ಲ! ತಂಡದಲ್ಲಿದ್ದ ಬಡಗಿ, ಸಾರ್ಜೆಂಟ್ ಪ್ಯಾಟ್ರಿಕ್ ಗ್ಯಾಸ್‌ನದು. 1807ರಲ್ಲಿ ಪಿಟ್ಸ್‌ಬರ್ಗಿನ ಪುಸ್ತಕ ವ್ಯಾಪಾರಿ ಡೇವಿಡ್ ಮೆಕೀಹನ್‌ಗಾಗಿ ಅದನ್ನು ಅಚ್ಚು ಹಾಕಿದ್ದು ಕ್ರೇಮರ್. ನಾಯಕರ ಅಧಿಕೃತ ವೃತ್ತಾಂತ ಫಿಲಡೆಲ್ಫಿಯಾದಲ್ಲಿ ಹೊರಬಂದದ್ದು 7 ವರ್ಷಗಳ ನಂತರ, 1814ರಲ್ಲಿ.

● ಕ್ರೇಮರ್ ಪ್ರತಿ ವರ್ಷ ಪಂಚಾಂಗವನ್ನೂ ಹೊರತರುತ್ತಿದ್ದ. ಸೂರ್ಯೋದಯ, ಚಂದ್ರನ ಕಲೆ, ಬಿತ್ತನೆಯ ಕಾಲ, ಮನೆಮದ್ದು ಎಲ್ಲ ಅದರಲ್ಲಿ. ಹೊಲಿಗೆ ಹಾಕಿದ ತೆಳು ಪಂಚಾಂಗದ ಮೂಲೆಗೆ ತೂತು ಮಾಡಿ, ದಾರ ಪೋಣಿಸಿ, ಒಲೆಯ ಪಕ್ಕ ತೂಗುಹಾಕುವುದು ಆಗಿನ ಮನೆಗಳ ವಾಡಿಕೆ. ಕ್ರೇಮರ್ 1813ರಲ್ಲಿ ತೀರಿಕೊಂಡ. ಅವನು ಕಟ್ಟಿದ ಸಂಸ್ಥೆಯನ್ನು ಪಾಲುದಾರರು ಮುಂದುವರಿಸಿದರು.

ಹೊತ್ತು ಮಾರಿದವರು

● ಜಾರ್ಜ್ ವಾಷಿಂಗ್ಟನ್ ಬಾಲಕನಾಗಿದ್ದಾಗ ಚೆರ್ರಿ ಮರ ಕಡಿದು, ತಪ್ಪೊಪ್ಪಿಕೊಂಡ ಕಥೆ ಕೇಳಿದ್ದೀರಲ್ಲವೇ? ಅದನ್ನು ಜನಪ್ರಿಯಗೊಳಿಸಿದವನು ಊರೂರು ಅಲೆದ ಪುಸ್ತಕ ಮಾರಾಟಗಾರ, ಪಾದ್ರಿ ಮೇಸನ್ ಲಾಕ್ ವೀಮ್ಸ್. ಅವನ ವಾಷಿಂಗ್ಟನ್ ಜೀವನಚರಿತ್ರೆ ಬಂದದ್ದು 1800ರಲ್ಲಿ, ಚೆರ್ರಿ ಮರದ ಕಥೆ ಸೇರಿದ್ದು 1806ರ ಆವೃತ್ತಿಯಲ್ಲಿ. ಕಥೆಗೆ ಪುರಾವೆ ಇಲ್ಲ. ಕುದುರೆಗಾಡಿ ತುಂಬ ಪುಸ್ತಕ ಹೇರಿಕೊಂಡು ಸುಮಾರು ಮೂರು ದಶಕ ದಕ್ಷಿಣದ ರಾಜ್ಯಗಳ ಸಂತೆ, ನ್ಯಾಯಾಲಯದ ಅಂಗಳಗಳಲ್ಲಿ ಅವನು ವ್ಯಾಪಾರ ಮಾಡಿದ. 1825ರಲ್ಲಿ ಸೌತ್ ಕೆರೊಲಿನಾದ ಬ್ಯೂಫರ್ಟ್‌ನಲ್ಲಿ ತೀರಿಕೊಂಡದ್ದೂ ಊರಿನಿಂದ ದೂರ, ದಾರಿಯಲ್ಲೇ.

● ವೀಮ್ಸ್‌ನ ಧಣಿ ಫಿಲಡೆಲ್ಫಿಯಾದ ಮ್ಯಾಥ್ಯೂ ಕೇರಿ, ಡಬ್ಲಿನ್‌ನಿಂದ ಬಂದವನು. ಇಡೀ ಬೈಬಲ್ಲಿನ ಮೊಳೆಗಳನ್ನು ಬಿಚ್ಚದೆ ಜೋಡಿಸಿದಂತೆಯೇ ಇಟ್ಟುಕೊಂಡು, ಬೇಡಿಕೆ ಬಂದಂತೆಲ್ಲ ಅಚ್ಚು ಹಾಕುತ್ತಿದ್ದ. ಅವನ ಮುಂದಾಳ್ತನದಲ್ಲಿ 1802ರಲ್ಲಿ ನ್ಯೂಯಾರ್ಕಿನಲ್ಲಿ ದೇಶದ ಪುಸ್ತಕ ವ್ಯಾಪಾರಿಗಳ ಮೊದಲ ಮೇಳ ನಡೆಯಿತು. ಒಬ್ಬರ ಪುಸ್ತಕ ಇನ್ನೊಬ್ಬರ ಪುಸ್ತಕದೊಂದಿಗೆ ಅದಲುಬದಲಾಗುವ ಸಂತೆ ಅದು.

● ಕುದುರೆಯೇರಿ ಕಾಡು ಸುತ್ತುತ್ತಿದ್ದ ಮೆಥಡಿಸ್ಟ್ ಬೋಧಕರು ಪುಸ್ತಕ ವ್ಯಾಪಾರಿಗಳೂ ಆಗಿದ್ದರು. ಜೀನಿನ ಚೀಲದ ಒಂದು ಬದಿ ಬಟ್ಟೆ, ಇನ್ನೊಂದು ಬದಿ ಪುಸ್ತಕ. 1789ರಲ್ಲಿ ಫಿಲಡೆಲ್ಫಿಯಾದ ಜಾನ್ ಡಿಕಿನ್ಸ್ ತನ್ನದೇ 600 ಡಾಲರ್ ಕಡ ಕೊಟ್ಟು ಶುರು ಮಾಡಿದ ‘ಮೆಥಡಿಸ್ಟ್ ಬುಕ್ ಕನ್ಸರ್ನ್’ ಅವರಿಗೆ ಪುಸ್ತಕ ಒದಗಿಸುತ್ತಿತ್ತು. 1820ರಲ್ಲಿ ಅದರ ಪಶ್ಚಿಮದ ಶಾಖೆ ಸಿನ್ಸಿನಾಟಿಯಲ್ಲಿ ತೆರೆಯಿತು. ಅಂಗಡಿಯೇ ಇಲ್ಲದ ಹಳ್ಳಿಗೂ ಪುಸ್ತಕ ಹೋದದ್ದು ಹೀಗೆ.

● ಅಂಚೆಯಲ್ಲಿ ಪತ್ರಿಕೆ ಹೋಗುತ್ತಿತ್ತು, ಪುಸ್ತಕ ಹೋಗುತ್ತಿರಲಿಲ್ಲ! 1792ರ ಅಂಚೆ ಕಾನೂನಿನಂತೆ 100 ಮೈಲಿಯವರೆಗೆ ಒಂದು ಪತ್ರಿಕೆಗೆ 1 ಸೆಂಟ್, ಅದಕ್ಕೂ ದೂರಕ್ಕೆ ಒಂದೂವರೆ ಸೆಂಟ್. ಮುದ್ರಕರು ತಮ್ಮ ತಮ್ಮಲ್ಲಿ ಪತ್ರಿಕೆ ವಿನಿಮಯ ಮಾಡಿಕೊಂಡರೆ ಉಚಿತ. ರಟ್ಟು ಕಟ್ಟಿದ ಪುಸ್ತಕಕ್ಕೆ ಅಂಚೆಯ ಬಾಗಿಲು ತೆರೆದದ್ದು 1851ರಲ್ಲಿ. ಗಾಡಿಯವರು, ಬೋಧಕರು, ತಿರುಗಾಟದ ವ್ಯಾಪಾರಿಗಳು ಅಷ್ಟು ಮುಖ್ಯವಾಗಿದ್ದುದಕ್ಕೆ ಇದೊಂದು ದೊಡ್ಡ ಕಾರಣ.

● ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದ ಪಾಲ್ಮೈರಾದಲ್ಲಿ ಇ. ಬಿ. ಗ್ರಾಂಡಿನ್‌ನ ಕಟ್ಟಡವೊಂದಿತ್ತು. ಮೇಲಿನ ಮಹಡಿಯಲ್ಲಿ ಮುದ್ರಣ, ನಡುವೆ ಬೈಂಡಿಂಗ್, ಕೆಳಗೆ ಪುಸ್ತಕದಂಗಡಿ. 1830ರಲ್ಲಿ ಅಲ್ಲಿಂದ ಹೊರಬಂದದ್ದು ‘ಬುಕ್ ಆಫ್ ಮಾರ್ಮನ್’. 5,000 ಪ್ರತಿ, 3,000 ಡಾಲರ್ ಖರ್ಚು. ಆ ಹಣಕ್ಕಾಗಿ ಮಾರ್ಟಿನ್ ಹ್ಯಾರಿಸ್ ಎಂಬ ರೈತ ತನ್ನ ಹೊಲ ಅಡವಿಟ್ಟ. ಹೊಸ ಧರ್ಮವೊಂದರ ಗ್ರಂಥ ಮೆಟ್ಟಿಲಿಳಿಯುತ್ತ ಹಾಳೆಯಿಂದ ಪುಸ್ತಕವಾಯಿತು.

ಮೂಲನಿವಾಸಿಗಳ ಪುಸ್ತಕಗಳು

● ಸೆಕ್ವೋಯಾ ಎಂಬ ಚೆರೋಕಿ ಕುಶಲಕರ್ಮಿ 1821ರ ಹೊತ್ತಿಗೆ ತನ್ನ ಭಾಷೆಗೆ ಸ್ವಂತ ಲಿಪಿ ರೂಪಿಸಿದ. 7 ವರ್ಷಗಳಲ್ಲಿ, 1828ರ ಫೆಬ್ರವರಿ 21ರಂದು ಜಾರ್ಜಿಯಾದ ನ್ಯೂ ಎಕೋಟಾದಲ್ಲಿ ‘ಚೆರೋಕಿ ಫೀನಿಕ್ಸ್’ ಪತ್ರಿಕೆ ಹೊರಬಂತು. ಮೊಳೆ ಎರಕವಾದದ್ದು ಬಾಸ್ಟನ್ನಿನಲ್ಲಿ. ಯಂತ್ರ ಬಂತು, ಮೊಳೆ ಬಂತು, ಕಾಗದವೇ ಇರಲಿಲ್ಲ. ಮುದ್ರಕ ಗಾಡಿ ಕಟ್ಟಿಕೊಂಡು ಟೆನೆಸಿಯ ನಾಕ್ಸ್‌ವಿಲ್ಲೆಗೆ ಹೋಗಿ ತರಬೇಕಾಯಿತು.

● 1835ರಲ್ಲಿ ಜಾರ್ಜಿಯಾದ ಪಡೆಗಳು ಆ ಮುದ್ರಣಯಂತ್ರವನ್ನು ವಶಪಡಿಸಿಕೊಂಡವು. ಚೆರೋಕಿಗಳನ್ನು ಅವರ ನೆಲದಿಂದಲೇ ಪಶ್ಚಿಮಕ್ಕೆ ಅಟ್ಟಲಾಯಿತು. ಸಾವಿರಾರು ಮಂದಿ ದಾರಿಯಲ್ಲಿ ಸತ್ತರು. ಅಷ್ಟಾದರೂ ಅವರ ಪುಸ್ತಕ ನಿಲ್ಲಲಿಲ್ಲ. ಇಂದಿನ ಒಕ್ಲಹೋಮಾದ ಪಾರ್ಕ್ ಹಿಲ್‌ನಲ್ಲಿ ಮುದ್ರಣಾಲಯ, ಜೊತೆಗೆ ಬೈಂಡಿಂಗ್ ಮನೆ ಎರಡೂ ಎದ್ದವು. ಚೆರೋಕಿ ಪಂಚಾಂಗ, ಧರ್ಮಗ್ರಂಥಗಳು ಅಲ್ಲಿ ಅಚ್ಚಾದವು.

● ಇಂದಿನ ಕ್ಯಾನ್ಸಸ್‌ಗೆ ಮೊದಲ ಮುದ್ರಣಯಂತ್ರ ತಂದವನು ಬ್ಯಾಪ್ಟಿಸ್ಟ್ ಮಿಷನರಿ ಜಾಥಮ್ ಮೀಕರ್. 1834ರಲ್ಲಿ ಡೆಲವೇರ್ ಭಾಷೆಯ ಪಾಠಪುಸ್ತಕ ಹೊರತಂದ, 1835ರಲ್ಲಿ ಶಾನಿ ಭಾಷೆಯ ಪತ್ರಿಕೆ. ಪೂರ್ತಿಯಾಗಿ ಮೂಲನಿವಾಸಿಗಳ ಭಾಷೆಯಲ್ಲೇ ಬಂದ ಅಮೆರಿಕದ ಮೊದಲ ಪತ್ರಿಕೆ ಅದು.

● ವಾಯವ್ಯ ಪೆಸಿಫಿಕ್ ನಾಡಿನ ಮೊದಲ ಪುಸ್ತಕಕ್ಕೆ ಯಂತ್ರ ಬಂದದ್ದು ಪೂರ್ವದ ಬೆಟ್ಟಗಳಿಂದಲ್ಲ, ಸಮುದ್ರದಾಚೆಯ ಹವಾಯಿಯಿಂದ! 1839ರಲ್ಲಿ ಇಂದಿನ ಐಡಾಹೋದ ಲ್ಯಾಪ್ವೈಯಲ್ಲಿ ನೆಜ್ ಪರ್ಸ್ ಭಾಷೆಯ 8 ಪುಟಗಳ ಬಾಲಬೋಧೆ ಅದರಲ್ಲಿ ಅಚ್ಚಾಯಿತು.

ಓದಿದವರು

● ಕೆಂಟಕಿಯಲ್ಲಿ ‘ಲುಲ್‌ಬೆಗ್ರುಡ್’ ಎಂಬ ಹಳ್ಳವಿದೆ. 1770ರಲ್ಲಿ ಬೇಟೆಗಾರ ಡೇನಿಯಲ್ ಬೂನ್ ಮತ್ತು ಸಂಗಡಿಗರು ಅಲ್ಲಿ ಬೀಡುಬಿಟ್ಟಿದ್ದಾಗ ಅವರ ಬಳಿ ‘ಗಲಿವರ್ಸ್ ಟ್ರಾವೆಲ್ಸ್’ ಪ್ರತಿಯಿತ್ತು. ಅದರಲ್ಲಿ ಬರುವ ರಾಕ್ಷಸರ ರಾಜಧಾನಿಯ ಹೆಸರನ್ನೇ ಹಳ್ಳಕ್ಕಿಟ್ಟರು. ಇದನ್ನು ಬೂನ್ 1796ರಲ್ಲಿ ತನ್ನ ಸಾಕ್ಷ್ಯದಲ್ಲಿ ಹೇಳಿದ್ದಾನೆ.

● ಒಹಾಯೊದ ಏಮ್ಸ್ ಹಳ್ಳಿಯವರಿಗೆ ಪುಸ್ತಕ ಬೇಕಿತ್ತು, ಕೈಯಲ್ಲಿ ಹಣವಿರಲಿಲ್ಲ. ರಕೂನ್ ಮೊದಲಾದ ಪ್ರಾಣಿಗಳನ್ನು ಬೇಟೆಯಾಡಿ ತೊಗಲು ಕೂಡಿಸಿದರು. ಸ್ಯಾಮ್ಯುಯೆಲ್ ಬ್ರೌನ್ ಅವನ್ನು ಬಾಸ್ಟನ್ನಿಗೆ ಒಯ್ದು ಮಾರಿ, 73 ಡಾಲರ್ 50 ಸೆಂಟಿಗೆ 51 ಪುಸ್ತಕ ತಂದ. 1804ರಲ್ಲಿ ಶುರುವಾದ ಆ ಗ್ರಂಥಾಲಯಕ್ಕೆ ‘ರಕೂನ್ ತೊಗಲಿನ ಗ್ರಂಥಾಲಯ’ ಎಂದೇ ಹೆಸರು. ತನ್ನ ಪೂರ್ತಿ ಆಸ್ತಿಯಾಗಿದ್ದ 10 ತೊಗಲು ಕೊಟ್ಟ ಹುಡುಗ ಥಾಮಸ್ ಯುವಿಂಗ್ ಮುಂದೆ ಅಮೆರಿಕದ ಖಜಾನೆ ಸಚಿವನಾದ.

● ಅಬ್ರಹಾಂ ಲಿಂಕನ್ ಇಂಡಿಯಾನಾದಲ್ಲಿ ಬೆಳೆಯುತ್ತಿದ್ದಾಗ ನೆರೆಯ ಜೋಸಯ್ಯ ಕ್ರಾಫರ್ಡ್‌ನಿಂದ ವಾಷಿಂಗ್ಟನ್ ಜೀವನಚರಿತ್ರೆ ಎರವಲು ತಂದ. ಮರದ ದಿಮ್ಮಿಗಳ ಮನೆಯ ಸಂದಿನಿಂದ ಇಳಿದ ಮಳೆನೀರು ಪುಸ್ತಕ ಕೆಡಿಸಿತು. ಬೆಲೆಯ ಬದಲು ಹುಡುಗ ಮೂರು ದಿನ ಹೊಲದಲ್ಲಿ ದುಡಿದ. ಗಡಿಸೀಮೆಯಲ್ಲಿ ಒಂದು ಪುಸ್ತಕದ ಬೆಲೆ ಎಷ್ಟೆಂದು ಇದರಿಂದ ಅಳೆಯಬಹುದು.

● ಲಿಂಕನ್‌ರ ಕೈಬರಹದಲ್ಲಿ ಉಳಿದಿರುವ ಅತಿ ಹಳೆಯ ಹಾಳೆಗಳು ಬಾಲ್ಯದ ಲೆಕ್ಕದ ಪುಸ್ತಕದವು. ಬಿಡಿ ಹಾಳೆಗಳನ್ನು ಹುಡುಗ ತಾನೇ ಹೊಲಿದು ಪುಸ್ತಕ ಮಾಡಿಕೊಂಡಿದ್ದ. ಅಂಗಡಿಯ ನೋಟ್‌ಬುಕ್ ಕೊಳ್ಳಲಾಗದ ಮನೆಗಳಲ್ಲಿ ಪ್ರತಿ ಮಗುವೂ ಬೈಂಡರೇ.

● ಯಾತ್ರಿಕ ವಿಲಿಯಂ ಕ್ಲಾರ್ಕ್ 1805ರಲ್ಲಿ ರಾಕಿ ಪರ್ವತ ದಾಟುವಾಗ ಬರೆದ ದಿನಚರಿಯ ಹೊದಿಕೆ ಎಲ್ಕ್ ಜಿಂಕೆಯ ತೊಗಲು. ಮಳೆ, ಹಿಮ, ನದಿ ದಾಟಿ ಬಂದ ಆ ಪುಟ್ಟ ಪುಸ್ತಕ ಇಂದು ಸೇಂಟ್ ಲೂಯಿಸ್‌ನ ಮಿಸ್ಸೂರಿ ಇತಿಹಾಸ ಸಂಗ್ರಹಾಲಯದ ಆಸ್ತಿ.

● ಪರ್ವತಗಳ ದಾರಿಗಾರ ಜಿಮ್ ಬ್ರಿಜರ್‌ಗೆ ಓದಲು ಬರುತ್ತಿರಲಿಲ್ಲ. ಜೋಡಿ ಎತ್ತು ಕೊಟ್ಟು ಶೇಕ್ಸ್‌ಪಿಯರ್ ಸಂಪುಟ ಕೊಂಡು, ಓದಿ ಹೇಳಲು ತಿಂಗಳಿಗೆ 40 ಡಾಲರ್ ಕೊಟ್ಟು ಹುಡುಗನೊಬ್ಬನನ್ನು ಇಟ್ಟುಕೊಂಡಿದ್ದನೆಂದು ಅವನನ್ನು ಬಲ್ಲ ಸೈನ್ಯಾಧಿಕಾರಿಯೊಬ್ಬರು ನೆನಪಿಸಿಕೊಂಡಿದ್ದಾರೆ.

● 1836ರಲ್ಲಿ ಸಿನ್ಸಿನಾಟಿಯ ಟ್ರೂಮನ್ ಅಂಡ್ ಸ್ಮಿತ್ ಸಂಸ್ಥೆ ವಿಲಿಯಂ ಹೋಮ್ಸ್ ಮೆಕ್‌ಗಫಿ ಸಿದ್ಧಪಡಿಸಿದ ಶಾಲಾ ವಾಚಿಕೆಗಳನ್ನು ಹೊರತರಲಾರಂಭಿಸಿತು. 1960ರವರೆಗೆ ಅವುಗಳ ಸುಮಾರು 12 ಕೋಟಿ ಪ್ರತಿ ಮಾರಾಟವಾಗಿರಬಹುದೆಂಬ ಅಂದಾಜಿದೆ. ಮ್ಯಾಕ್ಸ್‌ವೆಲ್ ದಂಪತಿಯ ಪುಸ್ತಕಕ್ಕೂ ಇದಕ್ಕೂ ನಡುವಿನ ಅಂತರ ಬರೀ 40 ವರ್ಷ. ಒಂದು ಕಾಲಕ್ಕೆ ಕಾಗದದ ಹಾಳೆಗೂ ಪೂರ್ವದತ್ತ ಕೈಚಾಚಿದ್ದ ಊರು ಇಡೀ ದೇಶದ ಮಕ್ಕಳಿಗೆ ಓದು ಕಲಿಸುವ ಪುಸ್ತಕಗಳನ್ನು ಕಳಿಸಿತು. ಆ ಬಲ ಅದಕ್ಕೆ ಒಂದೇ ದಿನದಲ್ಲಿ ಬಂದದ್ದಲ್ಲ. ಖಾಲಿ ಲೆಕ್ಕಪುಸ್ತಕ ಹೊಲಿಯುತ್ತ, ಪಂಚಾಂಗ ಮಾರುತ್ತ, ತೊಗಲು ಜೇನುಮೇಣಕ್ಕೆ ಪುಸ್ತಕ ಕೊಡುತ್ತ ದಿನ ದೂಡಿದ ನೂರಾರು ಬೈಂಡರುಗಳು, ವ್ಯಾಪಾರಿಗಳು ಕೂಡಿಸಿಕೊಟ್ಟ ಬಲ ಅದು. ಒಂದು ನಾಡು ಓದುವ ನಾಡಾಗುವುದರಲ್ಲಿ ಬರೆದವರಷ್ಟೇ ಪಾಲು ಇವರಿಗೂ ಸಲ್ಲಬೇಕು.